ಕಂಪನಿ ನಟನ ಬಾಳು ಮತ್ತು ನಮ್ಮ ನಾಟಕ ವಿಮರ್ಶೆ

೧

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತು ನಮ್ಮ ವಿಮರ್ಶಕರು ಬರೆದುದರಲ್ಲಿ ಕೆಲವು ಆಕ್ಷೇಪಣೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕಂಪನಿ ನಾಟಕಗಳಲ್ಲಿ ಹಾಡು ಅತಿಯಾಯಿತು. ಸಾಯುವವನೂ ಹಾಡಿಯೇ ಸಾಯುತ್ತಾನೆ. ಪ್ರೇಕ್ಷಕರು ‘ವನ್ಸ್ ಮೋರ್’ ಎಂದು ಕೂಗಿದರೆ ಸತ್ತವನು ಎದ್ದು ಕುಳಿತು, ಅದೇ ಹಾಡನ್ನು ಇನ್ನೊಮ್ಮೆ ಹಾಡಿ, ಮರಳಿ ಸಾಯುತ್ತಾನೆ. ಕಥೆಗೆ ಸಂಬಂಧವಿಲ್ಲದ ಹಾಸ್ಯಪ್ರಸಂಗಗಳು ನಡುನಡುವೆ ನುಗ್ಗುತ್ತವೆ. ನಟರು ಕವಿಯ ಮಾತನ್ನು ಬಿಟ್ಟು ತಮಗೆ ತೋಚಿದ್ದನ್ನು ಆಡುತ್ತಾರೆ. ನಾಟಕ ರಾತ್ರಿ ಆರಂಭವಾದರೆ ಕೋಳಿ ಕೂಗುವವರೆಗೆ ಮುಗಿಯುವುದಿಲ್ಲ. ಈ ದೋಷಗಳನ್ನು ಎಣಿಸಿ ಹೇಳಿದ ಮೇಲೆ, ಆ ರಂಗಭೂಮಿಯಲ್ಲಿ ಕೆಲವರು ಮಹಾನಟರಿದ್ದರೆಂದೂ, ಸಂಗೀತ ಸೊಗಸಾಗಿತ್ತೆಂದೂ ಎರಡು ಮಾತು ಸೇರಿಸಿ ಲೇಖನವನ್ನು ಮುಗಿಸುವುದು ವಾಡಿಕೆಯಾಗಿದೆ.

ಹನ್ನೆರಡು ವರ್ಷಗಳ ಕೆಳಗೆ ಮುಂಬಯಿಯ ಒಂದು ಕನ್ನಡ ಸಭೆಯಲ್ಲಿ ನಾನೂ ಇದೇ ಬಗೆಯ ಪ್ರಬಂಧವೊಂದನ್ನು ಓದಿದ್ದೆನು. ಅಂದು ಹಿಂದಿನ ಸಾಲಿನಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ಎಳೆತನದಲ್ಲಿ ಉತ್ತರ ಕರ್ನಾಟಕದ ಕಂಪನಿಯೊಂದರಲ್ಲಿ ಸ್ತ್ರೀಪಾತ್ರ ಮಾಡಿ, ಅನಂತರ ಈ ನಗರಕ್ಕೆ ಬಂದು ಗಿರಣಿಯಲ್ಲಿ ದುಡಿದವರು. ಪ್ರಬಂಧ ಮುಗಿದ ಮೇಲೆ ಅವರು ಎದ್ದು ನಿಂತು ಹೇಳಿದರು: “ಸಾಹೇಬ್ರ, ನೀವು ಹೇಳಿದ್ದು ಖರೇ ಐತಿ. ಆದ್ರ ಆ ಹಾಡು ಎರಡನೇ ಸಲ ಹಾಡೂವಾಗ ಪರದೇ ಹಿಂದ ಏನ್ ನಡದಿತ್ತು, ಅದನ್ನೂ ಒಂದೀಟ್ ಬರೀರಿ.” ಸಭೆ ನಕ್ಕಿತು, ನಾನೂ ನಕ್ಕೆನು. ಪರದೆಯ ಹಿಂದೆ ಏನು ನಡೆಯುತ್ತಿತ್ತೆಂಬುದು ನನಗೆ ತಿಳಿದಿರಲಿಲ್ಲ. ತಿಳಿಯದೆಯೇ ಪರದೆಯ ಮುಂದಿನದಕ್ಕೆ ಬೆಲೆ ಕಟ್ಟಿದ್ದೆನು.

ಈ ಲೇಖನದ ಪ್ರತಿಪಾದ್ಯವಿಷ್ಟೇ: ಕಂಪನಿ ನಾಟಕದ ಅಚ್ಚಾದ ಪುಸ್ತಕವನ್ನು ಓದಿ ಆ ನಾಟಕವನ್ನು ವಿಮರ್ಶಿಸಲಾಗದು. ಆ ನಾಟಕದ ರೂಪವನ್ನು ನಿರ್ಣಯಿಸಿದ್ದು ಬಹುಮಟ್ಟಿಗೆ ಕವಿಯ ಅಭಿರುಚಿಯಲ್ಲ, ನಟನ ಬಾಳು. ಅವನ ಕಂಠ, ಅವನ ನಿದ್ರೆ, ಅವನ ಸಂಬಳ, ಅವನ ಪ್ರಯಾಣ, ಇವು ನಾಟಕದ ಹೊರಗಿನ ವಿಷಯಗಳಲ್ಲ. ಇವುಗಳನ್ನು ಅರಿಯದೆ ನಾವು ದೋಷವೆಂದು ಕರೆದ ಎಷ್ಟೋ ಸಂಗತಿಗಳು ಒಂದು ಕಠಿನವಾದ ಕಸುಬಿನ ಜಾಣತನಗಳಾಗಿದ್ದವು.

೨

ಹಾಡಿನ ನಾಟಕವನ್ನು ಹೊತ್ತುಕೊಂಡು ಊರೂರು ತಿರುಗುವ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೮೪೩ರಲ್ಲಿ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದ ವಿಷ್ಣುದಾಸ ಭಾವೆಯವರಿಗೆ ಉತ್ತರ ಕನ್ನಡದ ಭಾಗವತ ಮೇಳದ ಆಟವು ಪ್ರೇರಣೆಯಾಯಿತೆಂಬುದನ್ನು ಮರಾಠಿ ಇತಿಹಾಸಕಾರರೇ ಹೇಳಿದ್ದಾರೆ. ೧೮೮೦ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ನಾಟ್ಯಗೀತಗಳಲ್ಲಿ ಕನ್ನಡ ಮಟ್ಟುಗಳು ಹೇರಳವಾಗಿ ಸೇರಿದುದು ಆಕಸ್ಮಿಕವಲ್ಲ. ಮರಾಠಿ ಮಂಡಳಿಗಳ ವೈಭವಕ್ಕೆ ಕನ್ನಡ ನಾಡು ಮರುಳಾಗುತ್ತಿದ್ದ ಕಾಲದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡದ ಮಂಡಳಿಯನ್ನು ಕಟ್ಟಿದರು. ಹಳೆಯ ಮೈಸೂರಿನ ಕಡೆ ೧೮೮೪ರಲ್ಲಿ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಆಮೇಲೆ ವರದಾಚಾರ್ಯರ ರತ್ನಾವಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮೊದಲಾದುವು ತಲೆಯೆತ್ತಿದವು.

ಇವೆಲ್ಲವೂ ಸಂಚಾರಿ ಸಂಸ್ಥೆಗಳೇ. ಅದಕ್ಕೆ ಕಾರಣವು ಸರಳವಾದ ಲೆಕ್ಕದಲ್ಲಿದೆ. ಒಂದು ಜಿಲ್ಲಾಸ್ಥಳದಲ್ಲಿ ದುಡ್ಡು ಕೊಟ್ಟು ನಾಟಕ ನೋಡಬಲ್ಲವರ ಸಂಖ್ಯೆ ಮಿತವಾದುದು. ಅವರು ಒಂದು ನಾಟಕವನ್ನು ಎಷ್ಟು ಸಲ ನೋಡಿಯಾರು? ಅವರ ಕುತೂಹಲ ತೀರಿದ ದಿನ ಮಾಲಿಕನ ಮುಂದೆ ಎರಡೇ ದಾರಿಗಳಿರುತ್ತಿದ್ದವು: ಹೊಸ ನಾಟಕವನ್ನು ಕಟ್ಟುವುದು ಅಥವಾ ಹೊಸ ಊರಿಗೆ ಹೋಗುವುದು. ಹೊಸ ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು, ಹೊಸ ಪರದೆ, ಹೊಸ ಉಡುಪು ಬೇಕು. ಹೊಸ ಊರಿಗೆ ಸಾಗಣೆಯ ಖರ್ಚು ಮಾತ್ರ ಸಾಕು. ಆದುದರಿಂದ ಕಂಪನಿಯು ಕೆಲವು ನಾಟಕಗಳನ್ನು ಬಗಲಲ್ಲಿಟ್ಟುಕೊಂಡು ಊರಿಂದೂರಿಗೆ ಹೋಗುವುದೇ ಅದರ ಬದುಕಾಯಿತು. ನಟನು ಅಲೆಮಾರಿಯಾದುದು ಅವನ ಸ್ವಭಾವದಿಂದಲ್ಲ, ಈ ಲೆಕ್ಕದಿಂದ.

೩

ಇಂಥ ಕಂಪನಿಗೆ ನಟನು ಬರುತ್ತಿದ್ದುದು ಸಾಮಾನ್ಯವಾಗಿ ಹುಡುಗನಾಗಿ. ಸ್ತ್ರೀಪಾತ್ರಗಳಿಗೂ ಬಾಲಪಾತ್ರಗಳಿಗೂ ಒಡೆಯದ ಕಂಠ ಬೇಕಾಗಿತ್ತು. ೧೮೯೧ರಲ್ಲಿ ಹುಟ್ಟಿದ ವೀರಣ್ಣನವರು ಗುಬ್ಬಿ ಕಂಪನಿಯನ್ನು ಸೇರಿದುದು ಚಿಕ್ಕ ಬಾಲಕರಾಗಿದ್ದಾಗ. ಮಲ್ಲಿಕಾರ್ಜುನ ಮನಸೂರರು ವಾಮನರಾವ್ ಮಾಸ್ತರರ ಕಂಪನಿಯ ಬಾಲನಟರಾಗಿದ್ದರು. ಕಂಪನಿಯ ಬಾಲಕನ ಹಾಡನ್ನು ಕೇಳಿ ಮೆಚ್ಚಿದ ಮೀರಜಿನ ನೀಲಕಂಠ ಬುವಾ ಅವರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ಅದೇ ಕಂಪನಿಯ ಬಣ್ಣ ಹಚ್ಚಿದವರು. ಕುಂದಗೋಳದ ರಾಮಭಾವು ಅವರಿಗೆ ‘ಸವಾಯಿ ಗಂಧರ್ವ’ರೆಂಬ ಹೆಸರು ಬಂದುದು ಮರಾಠಿ ಸಂಗೀತ ನಾಟಕದಲ್ಲಿ. ಬಾಬುಕೋಡಿ ವೆಂಕಟರಮಣ ಕಾರಂತರು ಮನೆ ಬಿಟ್ಟು ಓಡಿಹೋಗಿ ಸೇರಿದುದು ಗುಬ್ಬಿ ಕಂಪನಿಯನ್ನೇ. ಮುಂದೆ ವೀರಣ್ಣನವರ ನೆರವಿನಿಂದಲೇ ಅವರು ಕಾಶಿಗೆ ಓದಲು ಹೋದರು. ಒಂದು ಶತಮಾನದ ಕನ್ನಡ ಸಂಗೀತ ಮತ್ತು ರಂಗಭೂಮಿಗಳಿಗೆ ಶಾಲೆಯಾಗಿದ್ದುದು ಈ ಡೇರೆಯೆಂದರೆ ಅತಿಶಯೋಕ್ತಿಯಾಗದು.

ಆದರೆ ಈ ಶಾಲೆಯ ದಿನಚರಿಯನ್ನು ನೋಡಬೇಕು. ರಾತ್ರಿ ಊಟದ ಹೊತ್ತಿಗೆ ಮುಖಕ್ಕೆ ಬಣ್ಣ. ಒಂಬತ್ತು ಹತ್ತರ ಹೊತ್ತಿಗೆ ನಾಂದಿ. ಬೆಳಗಿನ ಜಾವಕ್ಕೆ ಮಂಗಳ. ಬಣ್ಣ ತೆಗೆದು ಮಲಗುವಾಗ ಊರು ಏಳುತ್ತಿರುತ್ತದೆ. ಹಗಲು ಅರೆನಿದ್ದೆ, ಒಂದೇ ಅಡಿಗೆಮನೆಯ ಊಟ, ಮಧ್ಯಾಹ್ನದ ಮೇಲೆ ತಾಲೀಮು. ಪೇಟಿ ಮಾಸ್ತರರು ಕಾಲ್ಪೆಟ್ಟಿಗೆಯ ಮುಂದೆ ಕುಳಿತು ಹುಡುಗರಿಗೆ ಹಾಡು ಹೇಳಿಕೊಡುತ್ತಾರೆ. ಅಕ್ಷರ ಬಾರದ ಹುಡುಗನು ಇಡೀ ನಾಟಕವನ್ನು ಕೇಳಿ ಕೇಳಿಯೇ ಕಂಠಸ್ಥ ಮಾಡಿಕೊಳ್ಳುತ್ತಾನೆ. ತನ್ನ ಪಾತ್ರವನ್ನಲ್ಲದೆ ಬೇರೆಯವರ ಪಾತ್ರಗಳನ್ನೂ ಅವನು ಬಲ್ಲವನಾಗಿರಬೇಕು. ರಾಜಪಾತ್ರದವನಿಗೆ ಜ್ವರ ಬಂದ ರಾತ್ರಿ ಮಂತ್ರಿಯೇ ರಾಜನಾಗಬೇಕಾಗುತ್ತದೆ. ‘ನಟರು ಕವಿಯ ಮಾತನ್ನು ಬಿಟ್ಟು ತಮಗೆ ತೋಚಿದ್ದನ್ನು ಆಡುತ್ತಾರೆ’ ಎಂಬ ಆಕ್ಷೇಪಣೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಅವರಲ್ಲಿ ಅನೇಕರು ಕವಿಯ ಮಾತನ್ನು ಕಾಗದದಲ್ಲಿ ನೋಡಿದವರೇ ಅಲ್ಲ. ಕಿವಿಯಿಂದ ಕಲಿತ ಮಾತು ಬಾಯಿಯಲ್ಲಿ ಬೆಳೆಯುತ್ತದೆ. ಜನಪದ ಕಥೆಯ ವಿಷಯದಲ್ಲಿ ನಾವು ಇದನ್ನೇ ಗುಣವೆಂದು ಹೊಗಳುತ್ತೇವೆ.

ಇನ್ನು ಹುಡುಗನ ಬಾಳಿನ ಅತ್ಯಂತ ಕಠಿನವಾದ ಕಾಲ ಕಂಠ ಒಡೆಯುವುದು. ನಿನ್ನೆಯವರೆಗೆ ಊರೆಲ್ಲ ಕೈ ತಟ್ಟಿದ ‘ಸೀತೆ’ಯ ಗಂಟಲಿನಿಂದ ಇಂದು ಗೊಗ್ಗರು ಧ್ವನಿ ಹೊರಡುತ್ತದೆ. ಕೆಲವರು ಈ ಸಂಧಿಯನ್ನು ದಾಟಿ ಪುರುಷಪಾತ್ರಗಳಿಗೆ ಏರಿದರು. ೧೯೧೪ರಲ್ಲಿ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪನವರು ಮೊದಲು ಸ್ತ್ರೀಪಾತ್ರಗಳಿಂದ ಹೆಸರಾದವರು. ಮುಂದೆ ‘ಕಲಾವೈಭವ ನಾಟ್ಯ ಸಂಘ’ದ ಒಡೆಯರಾಗಿ ಬಸವೇಶ್ವರನ ಪಾತ್ರದಿಂದ ನಾಡಿನ ಮನಸ್ಸಿನಲ್ಲಿ ನಿಂತರು, ೨೦೧೭ರಲ್ಲಿ ನೂರನ್ನು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಇಂಥವರ ಹೆಸರು ನಮಗೆ ಗೊತ್ತು. ದಾಟಲಾರದವರು ಪರದೆ ಎಳೆಯುವವರಾದರು, ಬಾಗಿಲಲ್ಲಿ ಟಿಕೀಟು ಹರಿಯುವವರಾದರು, ಇಲ್ಲವೆ ನನ್ನನ್ನು ಪ್ರಶ್ನಿಸಿದ ಆ ವೃದ್ಧರಂತೆ ಗಿರಣಿಯ ಕೂಲಿಗಳಾದರು. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

೪

ಈಗ ಹಾಡಿನ ವಿಷಯಕ್ಕೆ ಬರೋಣ. ಕಂಪನಿ ನಾಟಕದ ಹಾಡನ್ನು ನಾವು ಕಾವ್ಯವೆಂದು ಓದಿ ನಿರಾಶರಾಗುತ್ತೇವೆ, ಅಥವಾ ಸಂಗೀತವೆಂದು ಕೇಳಿ ಮೆಚ್ಚುತ್ತೇವೆ. ಅದು ಮೊಟ್ಟಮೊದಲು ಒಂದು ರಂಗೋಪಕರಣವೆಂಬುದನ್ನು ಮರೆಯುತ್ತೇವೆ.

ಧ್ವನಿವರ್ಧಕವಿಲ್ಲದ ಕಾಲವನ್ನು ಕಲ್ಪಿಸಿಕೊಳ್ಳಬೇಕು. ತಗಡಿನ ಅಥವಾ ಬಟ್ಟೆಯ ಗೋಡೆಗಳ ಥಿಯೇಟರು. ಮುಂದೆ ಕುರ್ಚಿ, ಹಿಂದೆ ಬಾಕು, ಅದರಾಚೆ ನೆಲ. ನೆಲದ ಮೇಲೆ ಕುಳಿತವನೂ ದುಡ್ಡು ಕೊಟ್ಟಿದ್ದಾನೆ. ಅವನ ಕಿವಿಗೆ ಮುಟ್ಟದ ಮಾತು ನಾಟಕವೇ ಅಲ್ಲ. ಆಡುಮಾತು ಮಂದೆಯ ಗದ್ದಲದಲ್ಲಿ ಮುಳುಗುತ್ತದೆ; ಎತ್ತರದ ಶ್ರುತಿಯಲ್ಲಿ ಹಿಡಿದ ಸ್ವರ ಮುಳುಗುವುದಿಲ್ಲ. ಆದುದರಿಂದ ನಟರು ಕರಿ ಮೂರು, ಕರಿ ನಾಲ್ಕು ಎಂದು ಪೇಟಿಯ ಮೇಲಿನ ಪಟ್ಟಿಗಳಲ್ಲಿ ನಿಂತು ಹಾಡಿದರು. ಕಥೆಯ ಮುಖ್ಯಸಂಧಿಗಳೆಲ್ಲ ಹಾಡಿನಲ್ಲಿಯೇ ಇರುವುದೇಕೆಂದು ಕೇಳುವವರಿಗೆ ಇದು ಉತ್ತರ: ಕೊನೆಯ ಸಾಲಿಗೆ ತಪ್ಪದೆ ಕೇಳಿಸಬೇಕಾದುದನ್ನು ಹಾಡಿಗೆ ಒಪ್ಪಿಸುತ್ತಿದ್ದರು. ನಾಯಕನ ದುಃಖವು ಮಾತಿನಲ್ಲಿ ಕುರ್ಚಿಯವರೆಗೆ ಹೋದರೆ ಹಾಡಿನಲ್ಲಿ ನೆಲದವರೆಗೆ ಹೋಗುತ್ತಿತ್ತು.

ಇದಕ್ಕಿಂತಲೂ ಗಮನಾರ್ಹವಾದುದು ದೃಶ್ಯಗಳ ಕಟ್ಟಡ. ಪಾರಸಿ ರಂಗಭೂಮಿಯಿಂದ ಬಂದ ಪರದೆಗಳ ಪದ್ಧತಿಯಲ್ಲಿ ರಂಗವು ಎರಡು ಬಗೆಯಾಗಿ ಬಳಕೆಯಾಗುತ್ತದೆ. ದರ್ಬಾರು, ಅಂತಃಪುರ, ಕೈಲಾಸ ಮೊದಲಾದ ದೃಶ್ಯಗಳಿಗೆ ರಂಗದ ಪೂರ್ತಿ ಆಳ ಬೇಕು. ಸಿಂಹಾಸನವನ್ನು ಹೊತ್ತು ತಂದು ಇಡಬೇಕು, ಕಟೌಟುಗಳನ್ನು ನಿಲ್ಲಿಸಬೇಕು. ಬೀದಿ, ಕಾಡುದಾರಿ ಮೊದಲಾದುವಕ್ಕೆ ಮುಂಭಾಗದಲ್ಲಿ ಒಂದು ಪರದೆ ಇಳಿದರೆ ಸಾಕು. ಒಂದು ದರ್ಬಾರು ಮುಗಿದು ಇನ್ನೊಂದು ದರ್ಬಾರು ಬರಬೇಕಾದರೆ ನಡುವೆ ಬೀದಿಯ ದೃಶ್ಯವೊಂದು ಬೇಕೇ ಬೇಕು. ಆ ಬೀದಿಯಲ್ಲಿ ಯಾರು ಬರಬೇಕು? ನಾಯಕನು ಉಡುಪು ಬದಲಿಸುತ್ತಿದ್ದಾನೆ, ನಾಯಕಿ ಒಡವೆ ತೊಡುತ್ತಿದ್ದಾಳೆ. ಉಳಿದವನು ಹಾಸ್ಯಗಾರ. ಅವನು ತನ್ನ ಹೆಂಡತಿಯೊಡನೆಯೋ, ಸಾಲ ಕೊಟ್ಟ ಶೆಟ್ಟಿಯೊಡನೆಯೋ ಜಗಳವಾಡುತ್ತ ಬರುತ್ತಾನೆ. ಅವನ ಹಿಂದೆ, ಒಂದು ಬಟ್ಟೆಯ ಅಂತರದಲ್ಲಿ, ಸಿಂಹಾಸನದ ಕಾಲು ಎಳೆದಾಡುವ ಸದ್ದು ಕೇಳಿಸುತ್ತಿರುತ್ತದೆ. ಆ ಸದ್ದನ್ನು ಮುಚ್ಚುವಷ್ಟು ನಗೆಯನ್ನು ಅವನು ಎಬ್ಬಿಸಬೇಕು. ಕೆಲಸ ಬೇಗ ಮುಗಿದರೆ ಒಳಗಿನಿಂದ ಸನ್ನೆ ಬರುತ್ತದೆ, ಅವನು ಎರಡೇ ಮಾತಿನಲ್ಲಿ ಮುಗಿಸಿ ಹೋಗಬೇಕು. ಗೂಟ ಸಡಿಲವಾದರೆ ಇನ್ನೂ ಹತ್ತು ನಿಮಿಷ ಎಳೆಯಬೇಕು. ‘ಕಥೆಗೆ ಸಂಬಂಧವಿಲ್ಲದ ಹಾಸ್ಯ’ವು ಹೀಗೆ ಹುಟ್ಟಿತು. ಅದಕ್ಕೆ ಕಥೆಯೊಡನೆ ಸಂಬಂಧವಿಲ್ಲದಿದ್ದುದು ನಿಜ, ನಾಟಕದೊಡನೆ ಸಂಬಂಧವಿತ್ತು.

‘ವನ್ಸ್ ಮೋರ್’ ಕೂಡ ಇದೇ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಅದು ಪ್ರೇಕ್ಷಕನ ಹಕ್ಕಾಗಿತ್ತು, ನಟನ ಸಂಬಳದ ಅಳತೆಗೋಲಾಗಿತ್ತು. ಅದರೊಡನೆ ಒಳಗಿನವರಿಗೆ ಉಸಿರಾಡುವ ಅವಕಾಶವೂ ಆಗಿತ್ತು. ಎರಡು ಪಾತ್ರಗಳನ್ನು ವಹಿಸಿದವನು ಮೀಸೆ ಕಿತ್ತು ಸೀರೆ ಸುತ್ತಿಕೊಳ್ಳುವವರೆಗೆ ಹೊರಗಿನವನು ಹಾಡುತ್ತಿರಬೇಕು. ಆ ವೃದ್ಧರನ್ನು ಮುಂದೆ ಅವರ ಮನೆಯಲ್ಲಿ ಕಂಡಾಗ ಅವರು ನನಗೆ ತಿಳಿಸಿದ ಸಂಗತಿ ಇದೇ. ಮುಂದಿನ ದೃಶ್ಯದವನು ಸಿದ್ಧನಾಗದಿದ್ದ ರಾತ್ರಿಗಳಲ್ಲಿ, ಹಿಂದಿನ ಸಾಲಿಗೆ ಹೋಗಿ ‘ವನ್ಸ್ ಮೋರ್’ ಎಂದು ಕೂಗಿ ಬರಲು ಹುಡುಗನೊಬ್ಬನನ್ನು ಅಟ್ಟುತ್ತಿದ್ದರಂತೆ. ಎಷ್ಟೋ ರಾತ್ರಿ ಆ ಹುಡುಗ ತಾವೇ ಆಗಿದ್ದುದಾಗಿ ಅವರು ನಕ್ಕು ಹೇಳಿದರು. ನಾವು ರಸಾಭಾಸವೆಂದು ಖಂಡಿಸಿದ ಕೂಗು ಕೆಲವು ಸಲ ಬಣ್ಣದ ಮನೆಯಿಂದಲೇ ಹೊರಟಿತ್ತು.

೫

ಬ್ಯಾಂಕಿನ ಉದ್ಯೋಗಿಯಾದ ನನಗೆ ಕಂಪನಿಯ ಹಣದ ಲೆಕ್ಕವು ಅದರ ಹಾಡಿನಷ್ಟೇ ಅರ್ಥಗರ್ಭಿತವಾಗಿ ತೋರುತ್ತದೆ. ಕಂಪನಿಯ ಆದಾಯ ದಿನದ್ದು: ರಾತ್ರಿಯ ಗಲ್ಲಾ. ವೆಚ್ಚವಾದರೋ ತಿಂಗಳಿನದು ಮತ್ತು ವರ್ಷದ್ದು. ಸಂಬಳ, ಊಟ, ಜಾಗದ ಬಾಡಿಗೆ, ದೀಪದೆಣ್ಣೆ, ಪರದೆಯ ಚಿತ್ರಕಾರನ ಬಾಕಿ, ಮುಂದಿನ ಮುಕ್ಕಾಮಿನ ಸಾಗಣೆ. ಮಳೆಗಾಲದಲ್ಲಿ ಗಲ್ಲಾ ನಿಲ್ಲುತ್ತದೆ, ಹೊಟ್ಟೆಗಳು ನಿಲ್ಲುವುದಿಲ್ಲ. ಊರಲ್ಲಿ ಪ್ಲೇಗು ಕಾಣಿಸಿಕೊಂಡರೆ, ಬೆಳೆ ಹೋದರೆ, ಡೇರೆ ಬರಿದಾಗುತ್ತದೆ. ಇಂಥ ಉದ್ಯಮಕ್ಕೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಒತ್ತೆಯಿಡಲು ನೆಲವಿಲ್ಲ, ಕಟ್ಟಡವಿಲ್ಲ. ಇರುವ ಆಸ್ತಿಯೆಂದರೆ ಬಣ್ಣ ಬಳಿದ ಬಟ್ಟೆ ಮತ್ತು ಒಬ್ಬಿಬ್ಬರ ಕಂಠ. ಆದುದರಿಂದ ಸಾಲ ಊರಿನ ಸಾಹುಕಾರನಿಂದ ಬರುತ್ತಿತ್ತು. ಅವನ ಸಾಲ ತೀರದೆ ಸಾಮಾನು ಊರು ಬಿಡುವಂತಿಲ್ಲ. ಸಾಮಾನು ಬಿಡಿಸಿಕೊಳ್ಳಲು ಮತ್ತಷ್ಟು ಆಟ, ಆ ಆಟಗಳಿಗೆ ಮತ್ತಷ್ಟು ಖರ್ಚು. ನಟನ ವಿಷಯದಲ್ಲಿ ಇದೇ ಸರಪಣಿ ಇನ್ನೊಂದು ರೂಪ ತಾಳಿತು. ಮದುವೆಗೋ ಕಾಯಿಲೆಗೋ ಅವನು ಮಾಲಿಕನಿಂದ ಮುಂಗಡ ಪಡೆಯುತ್ತಾನೆ; ಮುಂಗಡ ತೀರುವವರೆಗೆ ಬೇರೆ ಕಂಪನಿಗೆ ಹೋಗಲಾರ. ಪ್ರತಿಸ್ಪರ್ಧಿ ಕಂಪನಿಯವನು ಆ ಮುಂಗಡವನ್ನು ತೀರಿಸಿದರೆ ನಟನು ಅವನ ಡೇರೆಗೆ ಹೋಗುತ್ತಾನೆ, ಸಾಲವನ್ನು ಜೊತೆಯಲ್ಲಿಯೇ ಒಯ್ಯುತ್ತಾನೆ.

ಮಾಲಿಕರನ್ನೆಲ್ಲ ಶೋಷಕರೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರಲ್ಲಿ ಬಹುಮಂದಿ ತಾವೂ ನಟರಾಗಿದ್ದರು, ಗಳಿಸಿದುದನ್ನು ರಂಗದ ಮೇಲೆಯೇ ಸುರಿದರು. ಗುಬ್ಬಿ ವೀರಣ್ಣನವರು ೧೯೩೪ರಲ್ಲಿ ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನು ರಂಗಕ್ಕೆ ತಂದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದುದೂ ಅದೇ ವರ್ಷದಲ್ಲಿ. ಬೆಳ್ಳಿತೆರೆಯ ಸ್ಪರ್ಧೆ ಮೊದಲಾದ ಹೊತ್ತಿನಲ್ಲಿ ರಂಗಭೂಮಿ ತನ್ನ ವೈಭವವನ್ನು ಪಣವಾಗಿಟ್ಟಿತು. ಆ ಆನೆಗೂ ಮೇವು ಬೇಕಾಗಿತ್ತೆಂಬುದನ್ನು ರಂಗ ಇತಿಹಾಸವು ವರ್ಣಿಸುವುದಿಲ್ಲ. ಮರಾಠಿಯಲ್ಲಿ ಬಾಲಗಂಧರ್ವರ ಕಥೆಯೂ ಇದೇ. ೧೯೧೩ರಲ್ಲಿ ಹುಟ್ಟಿದ ಗಂಧರ್ವ ನಾಟಕ ಮಂಡಳಿಯ ಜರತಾರಿ, ಅತ್ತರು, ರತ್ನಗಂಬಳಿಗಳ ಕೀರ್ತಿ ಎಷ್ಟು ದೊಡ್ಡದೋ ಅದರ ಋಣವೂ ಅಷ್ಟೇ ದೊಡ್ಡದಾಗಿತ್ತು.

ಬಾಲಗಂಧರ್ವರ ಬಾಳಿನ ಪ್ರಸಿದ್ಧ ಪ್ರಸಂಗವೊಂದನ್ನು ಇಲ್ಲಿ ಪರಿಶೀಲಿಸಬೇಕು. ೧೯೧೧ರಲ್ಲಿ ಮುಂಬಯಿಯಲ್ಲಿ ಕಿರ್ಲೋಸ್ಕರ ಮಂಡಳಿಯು ‘ಮಾನಾಪಮಾನ’ದ ಮೊದಲ ಪ್ರಯೋಗವನ್ನು ಇಟ್ಟುಕೊಂಡಿದ್ದ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಅವರು ಆಟವನ್ನು ನಿಲ್ಲಿಸದೆ ಭಾಮಿನಿಯಾಗಿ ರಂಗದ ಮೇಲೆ ನಿಂತರು. ಇದನ್ನು ಕಲಾನಿಷ್ಠೆಯ ಪರಮೋದಾಹರಣೆಯೆಂದು ನೂರು ವರ್ಷಗಳಿಂದ ಹೇಳುತ್ತ ಬಂದಿದ್ದೇವೆ. ನಿಷ್ಠೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದು ಅವರು ಮಂಡಳಿಯ ಒಡೆಯರಲ್ಲ, ಅದರ ನಟರು. ಹೊಸ ನಾಟಕದ ಮೊದಲ ರಾತ್ರಿ ನಿಂತರೆ ಇಡೀ ಮಂಡಳಿಯ ಅನ್ನ ಅಲುಗುತ್ತಿತ್ತು. ತಂದೆಯೊಬ್ಬನಿಗೆ ಮಗುವಿನ ಬಳಿ ಕುಳಿತು ಅಳಲು ಒಂದು ರಾತ್ರಿಯ ರಜೆಯನ್ನು ಕೊಡಲಾರದ ವ್ಯವಸ್ಥೆಯನ್ನು ನಾವು ಪ್ರಶ್ನಿಸದೆ, ಅವನ ಸಂಯಮವನ್ನು ಮಾತ್ರ ಹೊಗಳಿದ್ದೇವೆ. ಹೊಗಳಿಕೆಯು ಕೆಲವು ಸಲ ಲೆಕ್ಕ ಮುಚ್ಚುವ ಉಪಾಯವಾಗುತ್ತದೆ.

೬

ನಟಿಯರ ಬಾಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಸ್ತ್ರೀಯರು ರಂಗಕ್ಕೆ ಬಂದಾಗ ನಾಟಕಕ್ಕೆ ಸಹಜತೆ ಬಂದಿತೆಂದು ಬರೆಯುತ್ತೇವೆ; ಅವರಿಗೆ ಏನು ಬಂದಿತೆಂದು ಬರೆಯುವುದಿಲ್ಲ. ರಾತ್ರಿ ಅವರ ಸೀತೆಗೆ ಕೈ ಮುಗಿದ ಊರು ಹಗಲು ಅವರಿಗೆ ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ಬಿಜಾಪುರದ ಕಡೆಯ ಗೋಹರಬಾಯಿ ಕರ್ನಾಟಕಿಯವರು ಬಾಲಗಂಧರ್ವರ ಮಂಡಳಿಯನ್ನು ಸೇರಿ, ಅವರ ಇಳಿಗಾಲದ ಸಂಗಾತಿಯಾಗಿ, ೧೯೬೪ರವರೆಗೆ ಬಾಳಿದರು. ಮರಾಠಿ ರಸಿಕಲೋಕದಲ್ಲಿ ಬಹುಮಂದಿ ಅವರನ್ನು ಗಂಧರ್ವರ ಪತನದ ಕಾರಣವೆಂಬಂತೆ ಕಂಡರು. ಅವರ ಕಂಠವನ್ನು ಕುರಿತು ಬರೆದುದು ಕಡಮೆ, ನಡತೆಯನ್ನು ಕುರಿತು ಬರೆದುದು ಹೆಚ್ಚು. ಆಕೆ ಕನ್ನಡತಿಯೆಂಬುದನ್ನು ಮುಂಬಯಿಯ ಕನ್ನಡಿಗರಾದ ನಾವೂ ನೆನೆದುದು ಅಪರೂಪ. ಇನ್ನೊಂದೆಡೆ, ಗುಬ್ಬಿ ಕಂಪನಿಯಲ್ಲಿ ಪಳಗಿದ ಆರ್. ನಾಗರತ್ನಮ್ಮನವರು ೧೯೫೮ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನೇ ಕಟ್ಟಿ, ಕಂಸ, ಭೀಮ, ರಾವಣ ಮೊದಲಾದ ಪಾತ್ರಗಳನ್ನು ತಾವೇ ವಹಿಸಿದರು. ಗಂಡಸರು ಸೀರೆಯುಟ್ಟ ಕಾಲದ ಸಾಲವನ್ನು ಹೆಂಗಸರು ಗದೆ ಹಿಡಿದು ತೀರಿಸಿದಂತಾಯಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ವರ್ಗವಾಗಿ ಮುಂಬಯಿಗೆ ಬರುವ ಮೊದಲು ನಾನು ಉತ್ತರ ಕರ್ನಾಟಕದ ಒಂದು ಶಾಖೆಯಲ್ಲಿದ್ದೆನು. ಕಷ್ಟದಲ್ಲಿರುವ ಕಲಾವಿದರಿಗೆ ಸರಕಾರ ಕೊಡುವ ಮಾಸಾಶನಕ್ಕಾಗಿ ಖಾತೆ ತೆರೆಯಲು ಒಬ್ಬ ವೃದ್ಧ ನಟಿ ಬಂದರು. ಅರ್ಜಿಯಲ್ಲಿ ‘ಕಾಯಂ ವಿಳಾಸ’ವೆಂಬ ಸಾಲಿತ್ತು, ಅದಕ್ಕೆ ದಾಖಲೆ ಬೇಕಾಗಿತ್ತು. ಅವರ ಬಳಿ ಇರಲಿಲ್ಲ. ಎರಡು ಸಲ ನಾನು ಅವರನ್ನು ಹಿಂದಕ್ಕೆ ಕಳುಹಿಸಿದೆನು. ಎರಡನೆಯ ಸಲ ಅವರು, “ಕಾಯಂ ಅಂತ ಯಾವೂರೂ ಇಲ್ಲರಿ ಯಪ್ಪಾ, ಮುಕ್ಕಾಮ ಬೇಕಾದ್ರ ಬರಕೋರಿ,” ಎಂದು ಊರುಗಳ ಹೆಸರು ಹೇಳತೊಡಗಿದರು: ಇಳಕಲ್ಲು, ಗುಳೇದಗುಡ್ಡ, ಗದಗು, ದಾವಣಗೆರೆ, ಬನಶಂಕರಿ ಜಾತ್ರೆ. ಹಿಂದೆ ಸಾಲು ನಿಂತಿತ್ತು. ನಾನು ಮುಂದಿನವರನ್ನು ಕರೆದೆನು. ಮೂರನೆಯ ಸಲ ಅವರು ಬರಲಿಲ್ಲ. ನಿಯಮದ ದೃಷ್ಟಿಯಲ್ಲಿ ನಾನು ಸರಿಯಾಗಿದ್ದೆನು. ಆದರೆ ದಾಖಲೆ ಹೇಗೆ ಪಡೆಯಬೇಕೆಂದು ಹೇಳಿಕೊಡಲು ಹತ್ತು ನಿಮಿಷ ಸಾಕಾಗಿತ್ತು. ವೃತ್ತಿರಂಗಭೂಮಿಯ ಮೇಲೆ ಪ್ರಬಂಧ ಬರೆಯಲು ನನಗೆ ಬಿಡುವಿತ್ತು, ಅದಕ್ಕೆ ಇರಲಿಲ್ಲ.

೭

ಇಷ್ಟು ಹೇಳಿದ ಮಾತ್ರಕ್ಕೆ ಕಂಪನಿ ನಾಟಕದಲ್ಲಿ ದೋಷಗಳೇ ಇರಲಿಲ್ಲವೆಂದು ವಾದಿಸಿದಂತಾಗದು. ಕಾರಣವನ್ನು ತಿಳಿಯುವುದು ಬೇರೆ, ಬೆಲೆ ಕಟ್ಟುವುದು ಬೇರೆ. ಬೀದಿದೃಶ್ಯದ ಹಾಸ್ಯಕ್ಕೆ ರಂಗದ ಅಗತ್ಯವೇ ಕಾರಣವಾದರೂ, ಪ್ರತಿಭಾವಂತನ ಕೈಯಲ್ಲಿ ಅದು ಮುಖ್ಯಕಥೆಗೆ ಕನ್ನಡಿಯಾಗುತ್ತಿತ್ತು, ಅಲ್ಪನ ಕೈಯಲ್ಲಿ ಬರಿಯ ಕಾಲಹರಣವಾಗುತ್ತಿತ್ತು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ವೀರಣ್ಣನವರು ಉಪಪಾತ್ರವನ್ನೇ ನಾಟಕದ ಜೀವವನ್ನಾಗಿಸಿದುದು ಮೊದಲನೆಯದಕ್ಕೆ ನಿದರ್ಶನ. ಮುಂದಿನ ದಶಕಗಳಲ್ಲಿ ಗಲ್ಲಾ ಕುಗ್ಗಿದಂತೆ ಎಷ್ಟೋ ಡೇರೆಗಳಲ್ಲಿ ದ್ವಂದ್ವಾರ್ಥದ ಮಾತೇ ಹಾಸ್ಯವಾದುದು ಎರಡನೆಯದಕ್ಕೆ. ಅದಕ್ಕೂ ಹಸಿವೇ ಕಾರಣವೆಂದು ಹೇಳಬಹುದು. ಆದರೆ ಹಸಿವು ಕಾರಣವಾದರೆ ಹಳಸಿದ ಅನ್ನ ಒಳ್ಳೆಯ ಅನ್ನವಾಗುವುದಿಲ್ಲ. ೧೯೧೮ರಲ್ಲಿ ‘ಟೊಳ್ಳುಗಟ್ಟಿ’ಯೊಡನೆ ಕೈಲಾಸಂ ತೆರೆದ ದಾರಿ, ಮುಂದೆ ಶ್ರೀರಂಗರು ಬೆಳೆಸಿದ ವೈಚಾರಿಕ ನಾಟಕ, ಇವು ಕನ್ನಡಕ್ಕೆ ಬೇಕಾಗಿಯೇ ಇದ್ದವು.

ಆದರೆ ಹವ್ಯಾಸಿ ರಂಗಭೂಮಿಯ ಅಳತೆಗೋಲಿನಿಂದಲೇ ಕಂಪನಿ ನಾಟಕವನ್ನು ಅಳೆದುದು ನಮ್ಮ ತಪ್ಪು. ಹವ್ಯಾಸಿಯು ತಿಂಗಳಿಗೊಮ್ಮೆ, ಬೇರೆ ಉದ್ಯೋಗದ ಸಂಬಳ ಕಿಸೆಯಲ್ಲಿಟ್ಟುಕೊಂಡು ರಂಗಕ್ಕೆ ಬರುತ್ತಾನೆ. ಪ್ರೇಕ್ಷಕನು ಮೆಚ್ಚದಿದ್ದರೆ ಅವನ ಮನಸ್ಸು ನೋಯುತ್ತದೆ. ವೃತ್ತಿನಟನ ಒಲೆ ಆರುತ್ತದೆ. ಪ್ರತಿರಾತ್ರಿ ತೀರ್ಪಿಗೆ ಒಳಗಾಗುವವನ ಕಲೆಯಲ್ಲಿ ಪ್ರೇಕ್ಷಕನಿಗೆ ಮಣಿಯುವ ದೌರ್ಬಲ್ಯವಿರುತ್ತದೆ. ಪ್ರೇಕ್ಷಕನನ್ನು ಎಂದೂ ಮರೆಯದ ಬಲವೂ ಇರುತ್ತದೆ. ಕಾರಂತರು ಈ ಎರಡನ್ನೂ ಬಲ್ಲವರಾಗಿದ್ದರು. ಆಧುನಿಕ ರಂಗಭೂಮಿಗೆ ಅವರು ಹಾಡನ್ನು ಮರಳಿ ತಂದಾಗ ಅದನ್ನು ಅಲಂಕಾರವಾಗಿ ತರಲಿಲ್ಲ, ದೃಶ್ಯವನ್ನು ಕಟ್ಟುವ ಮತ್ತು ಬಿಚ್ಚುವ ಸಾಧನವಾಗಿ ತಂದರು. ಆ ವಿದ್ಯೆಯ ಮೊದಲ ಪಾಠ ಅವರಿಗೆ ಆದುದು ಡೇರೆಯಲ್ಲಿ.

೮

ಈ ಚರ್ಚೆಯಿಂದ ಹೊರನಾಡಿನ ಕನ್ನಡಿಗರಾದ ನಮಗೆ ಒದಗುವ ಕರ್ತವ್ಯವೇನು? ನಮ್ಮ ಸಂಘಸಂಸ್ಥೆಗಳು ‘ರಂಗಗೀತೆ’ಗಳ ಸಂಜೆಯನ್ನು ಏರ್ಪಡಿಸುತ್ತವೆ. ಧ್ವನಿವರ್ಧಕದ ಮುಂದೆ, ತಗ್ಗಿದ ಶ್ರುತಿಯಲ್ಲಿ, ಕಥೆಯಿಂದ ಬಿಡಿಸಿ ತೆಗೆದ ಆ ಹಾಡುಗಳನ್ನು ಕೇಳಿ ನಾವು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ನೆನಪಿಗೆ ಅದೂ ಒಂದು ದಾರಿಯೇ. ಆದರೆ ಅದು ಹಾಡಿನ ನೆನಪು, ಹಾಡಿದವನ ನೆನಪಲ್ಲ. ವೀರಣ್ಣನವರ ‘ಕಲೆಯೇ ಕಾಯಕ’, ಮನಸೂರರ ‘ನನ್ನ ರಸಯಾತ್ರೆ’, ವೈದೇಹಿಯವರು ಬರೆದುಕೊಂಡ ಕಾರಂತರ ಆತ್ಮಕಥನ, ಇಂಥ ಕೆಲವು ಪುಸ್ತಕಗಳು ನಮಗೆ ದೊರೆತಿರುವುದು ಭಾಗ್ಯ. ಆದರೂ ಇವು ಗೆದ್ದವರ ಕಥೆಗಳು. ಪರದೆ ಎಳೆದವನು, ಅಡಿಗೆಯವನು, ಕಂಠ ಒಡೆದ ಹುಡುಗ, ವಿಳಾಸವಿಲ್ಲದ ನಟಿ, ಇವರು ಬರೆಯಲಿಲ್ಲ, ಬರೆಸಿಕೊಂಡವರೂ ಇಲ್ಲ.

ಬನಶಂಕರಿಯ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಡೇರೆ ಹಾಕುತ್ತವೆ. ಆ ವೃತ್ತಿಯನ್ನು ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿಯೂ ಇರಬಹುದು. ಅವರನ್ನು ಹುಡುಕಿ, ಕೆಲವು ಸರಳ ಪ್ರಶ್ನೆಗಳನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಸಂಘ ಕೈಗೊಳ್ಳಬೇಕೆಂದು ನನ್ನ ವಿನಂತಿ. ಯಾವ ವಯಸ್ಸಿನಲ್ಲಿ ಸೇರಿದಿರಿ? ಎಷ್ಟು ಸಂಬಳ, ಎಷ್ಟು ಕೈಗೆ ಬಂತು? ಯಾವ ಶ್ರುತಿಯಲ್ಲಿ ಹಾಡುತ್ತಿದ್ದಿರಿ? ಕಾಯಿಲೆ ಬಿದ್ದಾಗ ಯಾರು ನೋಡಿಕೊಂಡರು? ಬಿಟ್ಟದ್ದು ಏಕೆ? ಇವು ಸಾಹಿತ್ಯವಿಮರ್ಶೆಯ ಪ್ರಶ್ನೆಗಳಲ್ಲವೆಂದು ಯಾರಾದರೂ ಹೇಳಿದರೆ, ಮೇಲೆ ಹೇಳಿದ ಬೀದಿದೃಶ್ಯದ ಸಂಗತಿಯನ್ನು ಅವರು ಇನ್ನೊಮ್ಮೆ ಆಲೋಚಿಸಬೇಕು.

ನಾನು ಮೊದಲು ಹೇಳಿದ ಆ ವೃದ್ಧರು ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರು. ಅವರನ್ನು ಒಂದೇ ಸಲ ಕಂಡಿದ್ದೆನು. ಎರಡು ಪುಟ ಟಿಪ್ಪಣಿ ಬರೆದುಕೊಂಡಿದ್ದೆನು. ಮತ್ತೆ ಬರುತ್ತೇನೆಂದು ಹೇಳಿ ಬಂದವನು ಹೋಗಲಿಲ್ಲ. ಪರದೆಯ ಹಿಂದೆ ನಡೆದುದರಲ್ಲಿ ನನಗೆ ದೊರೆತುದು ಆ ಎರಡು ಪುಟ. ಈ ಲೇಖನದಲ್ಲಿ ಗಟ್ಟಿಯಾದ ಅಂಶವೇನಾದರೂ ಇದ್ದರೆ ಅದು ಅಲ್ಲಿಂದ ಬಂದುದು.